ರಾಹುಕಾಲದಲ್ಲಿ ಹೊರಟವರು

ಡಾಕ್ಟರಮ್ಮ ತೀರಿಕೊಂಡ ಮೇಲೆ ಜಯನಗರದ ಅವರ ಮನೆಯಂಗಳದಲ್ಲಿ ಒಂದು ಸಣ್ಣ ಸಭೆ ಸೇರಿತ್ತು. ಶಾಮಿಯಾನ, ಬಾಡಿಗೆ ಕುರ್ಚಿಗಳು, ಗೊರಗೊರ ಅನ್ನುವ ಒಂದು ಮೈಕು. ಮೊದಲು ಎದ್ದು ಮಾತನಾಡಿದವರು ಹಿಂದಿನ ರಸ್ತೆಯ ನಿವೃತ್ತ ಇಂಜಿನಿಯರು. "ಈ ಬಡಾವಣೆಯ ಅರ್ಧ ಮಕ್ಕಳು ಆ ಮಹಾತಾಯಿಯ ಕೈಯಲ್ಲೇ ಭೂಮಿಗೆ ಬಂದವರು" ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೂತವರೆಲ್ಲ ಹೌದು ಹೌದೆಂದು ತಲೆದೂಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಓದು ಮುಗಿಸಿದ ಮೇಲೆ ಡಾಕ್ಟರಮ್ಮ ಒಂದೇ ಒಂದು ಹೆರಿಗೆ ಮಾಡಿಸಿದವರಲ್ಲ. ಅವರು ಹೃದಯದ ಡಾಕ್ಟರು. ಇಡೀ ಆಯುಷ್ಯ ಅದೊಂದನ್ನೇ ಹಿಡಿದುಕೊಂಡು ಜಗಳವಾಡಿದವರು.

ಬದುಕಿದ್ದಾಗಲೂ ಇದೇ ಗೋಳು. ಲೇಡಿ ಡಾಕ್ಟರು ಎಂದರೆ ಹೆರಿಗೆಯವರು ಎಂದು ಊರೇ ತೀರ್ಮಾನ ಮಾಡಿಬಿಟ್ಟಿತ್ತು. ಯಾರದೋ ಸೊಸೆಗೆ ನೋವು ಶುರುವಾಯಿತೆಂದು ಬಾಗಿಲು ಬಡಿದರೆ ಡಾಕ್ಟರಮ್ಮ ಹೊರಗೆ ಬಂದು, ತಮ್ಮ ಪಕ್ಕೆಲುಬಿನ ಕೆಳಗೆ ಅಂಗೈಯಿಂದ ಅಡ್ಡಗೆರೆ ಎಳೆದು ತೋರಿಸುತ್ತಿದ್ದರು. "ನೋಡಿ, ನನ್ನ ರಾಜ್ಯ ಇಲ್ಲಿಗೆ ಮುಗೀತು. ಇದರಿಂದ ಕೆಳಗೆ ನಂಗೇನೂ ಗೊತ್ತಿಲ್ಲ." ಹಾಗಂದವರೇ ಚಪ್ಪಲಿ ಮೆಟ್ಟಿಕೊಂಡು, ಬಂದವರನ್ನು ತಮ್ಮ ಹಳೇ ಕಾರಿನಲ್ಲಿ ಕೂರಿಸಿಕೊಂಡು ಹೆರಿಗೆ ಆಸ್ಪತ್ರೆಗೆ ಬಿಟ್ಟುಬರುತ್ತಿದ್ದರು. ಇಂಜಿನಿಯರು ಹೇಳಿದ್ದು ಅಲ್ಲಿಂದ ಹುಟ್ಟಿದ ಮಾತಿರಬೇಕು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬೈಯುತ್ತಾರೆ ಎಂಬ ಭಯ ನನಗೆ ಈ ವಯಸ್ಸಿನಲ್ಲೂ ಇದೆ. ಆಸ್ಪತ್ರೆಯಲ್ಲಿ ನಾವು ಮೇಡಂ ಎನ್ನುತ್ತಿದ್ದೆವು. ಡಾಕ್ಟರಮ್ಮ ಎಂದು ಕರೆದವರು ನಮ್ಮಪ್ಪ. ನನ್ನ ಮನಸ್ಸಿನಲ್ಲಿ ಉಳಿದಿರುವುದೂ ಅದೇ.

ನಾವು ಯಡಿಯೂರಿನವರು. ಅಪ್ಪನ ರಾಗಿ ಹೊಲ ಸರ್ಕಾರಕ್ಕೆ ಹೋಗಿ ಜಯನಗರದ ರಸ್ತೆಗಳಾಗಿತ್ತು. ಉಳಿದ ತುಂಡು ಜಾಗದಲ್ಲಿ ಅಪ್ಪ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದರು. ಊರಿನವರು ಬಾಯಿಗೆ ಬಂದಂತೆ ಆಡಿಕೊಂಡರೂ ಕೇಳದೆ ನನ್ನನ್ನು ಸೈನ್ಸ್ ಓದಿಸಿದರು. ಅರವತ್ತರ ದಶಕದ ಆರಂಭದಲ್ಲಿ ಪೇಟೆಯ ದೊಡ್ಡ ಆಸ್ಪತ್ರೆಯಲ್ಲಿ ನನಗೆ ಇಸಿಜಿ ತೆಗೆಯುವ ಕೆಲಸ ಸಿಕ್ಕಿತು. ಹೃದಯದ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಯಂತ್ರ ಅದು. ಕೈಕಾಲಿಗೆ ವೈರು ಕಟ್ಟುತ್ತಲೇ ಜನ ಗಡಗಡ ನಡುಗುವರು, ಕರೆಂಟು ಕೊಡುತ್ತಾರೆಂದು. ನಡುಗಿದರೆ ಗೆರೆಯೂ ನಡುಗಿ ಏನೂ ತಿಳಿಯುತ್ತಿರಲಿಲ್ಲ. ನಾನು ಸೇರಿದ ದಿನ ಡಾಕ್ಟರಮ್ಮ ವೈರುಗಳನ್ನು ತಮ್ಮ ಕೈಕಾಲಿಗೇ ಕಟ್ಟಿಸಿಕೊಂಡು ಮಂಚದ ಮೇಲೆ ಮಲಗಿ, ವಾರ್ಡಿನ ರೋಗಿಗಳನ್ನೆಲ್ಲ ಸುತ್ತ ಕರೆಸಿದರು. "ನೋಡ್ರಪ್ಪ, ಸತ್ತಿದ್ದೀನಾ? ಇಲ್ವಲ್ಲ! ಇನ್ನು ಯಾರಾದ್ರೂ ನಡುಗಿದ್ರೆ ಈ ಹುಡುಗಿ ಹತ್ರ ಬೈಸಿಕೊಳ್ತೀರಿ." ನನಗೆ ಆಗ ಯಾರನ್ನೂ ಬೈದು ಅಭ್ಯಾಸವಿರಲಿಲ್ಲ. ಅವರ ಜೊತೆ ಇದ್ದು ಚೆನ್ನಾಗಿಯೇ ಕಲಿತೆ.

ಅವರು ರೋಗಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ. "ನೋವು ಶುರುವಾದಾಗ ಏನ್ ಮಾಡ್ತಿದ್ರಿ?"

ಎಷ್ಟು ಗಂಟೆಗೆ ಶುರುವಾಯಿತು ಎಂದು ಕೇಳಿದರೆ ಜನ ಡಾಕ್ಟರಿಗೆ ಸಮಾಧಾನವಾಗುವ ಉತ್ತರ ಕೊಡುತ್ತಾರೆ, "ಈಗ ತಾನೇ ಸ್ವಾಮಿ" ಎನ್ನುತ್ತಾರೆ. ಏನು ಮಾಡುತ್ತಿದ್ದಿರಿ ಎಂದರೆ ನಿಜ ಹೊರಬೀಳುತ್ತದೆ. "ದನಕ್ಕೆ ನೀರು ತೋರಿಸ್ತಿದ್ದೆ." "ರೇಡಿಯೋದಲ್ಲಿ ಬೆಳಗಿನ ವಾರ್ತೆ ಬರ್ತಿತ್ತು." "ಮಿಲ್ಲಿನ ಸೈರನ್ ಕೂಗ್ತು ನೋಡಿ, ಆವಾಗ." ಡಾಕ್ಟರಮ್ಮ ಅಷ್ಟರಿಂದಲೇ ಗಂಟೆ ಲೆಕ್ಕ ಹಾಕುತ್ತಿದ್ದರು. ಹಾಕಿದ ಮೇಲೆ ಹೆಚ್ಚಿನ ಸಲ ಮುಖ ಕಪ್ಪಿಡುತ್ತಿತ್ತು. ಏಕೆಂದರೆ ಆ ರೇಡಿಯೋ ವಾರ್ತೆ ಇವತ್ತಿನದಾಗಿರುತ್ತಿರಲಿಲ್ಲ, ನಿನ್ನೆಯದು. ನಡುವೆ ಏನೇನೋ ಆಗಿರುತ್ತಿತ್ತು. ಓಮದ ಕಷಾಯ ಕುಡಿಸಿ, ಬೆನ್ನು ನೀವಿ, ದೃಷ್ಟಿ ತೆಗೆದು, ಕೊನೆಗೆ ಗೋಲಿ ಸೋಡಾ ತರಿಸಿರುತ್ತಿದ್ದರು. ಸೋಡಾ ಕುಡಿದು ತೇಗು ಬಂದರೆ ಮನೆಮಂದಿಗೆಲ್ಲ ನೆಮ್ಮದಿ, ವಾಯು ಹೋಯಿತೆಂದು. "ತೇಗು ಎಲ್ಲಾರ್ಗೂ ಬರತ್ತೆ ಕಣ್ರೀ! ಸಾಯೋನಿಗೂ ಬರತ್ತೆ!" ಎಂದು ಡಾಕ್ಟರಮ್ಮ ಕಾರಿಡಾರಿನಲ್ಲಿ ಕೂಗಾಡಿದ್ದನ್ನು ನಾನೇ ಕೇಳಿದ್ದೇನೆ. ರೋಗಿಯ ಎದುರು ಮಾತ್ರ ದನಿ ಎತ್ತುತ್ತಿರಲಿಲ್ಲ.

ಬೇಗ ಬಂದರೂ ಆಗ ನಮ್ಮಲ್ಲಿ ಮಾಡಲು ಹೆಚ್ಚೇನಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತ. ಅದಕ್ಕೆ ನೋವು ಮರೆಸುವ ಇಂಜೆಕ್ಷನ್ನು, ಆಮ್ಲಜನಕ, ಮತ್ತೆ ವಾರಗಟ್ಟಲೆ ಹಾಸಿಗೆ. ರೋಗಿ ತಾನೇ ಮಗ್ಗುಲು ಬದಲಿಸಬಾರದು, ತಾನೇ ತುತ್ತು ಎತ್ತಬಾರದು. ರಕ್ತ ತೆಳುವಾಗಿಸುವ ಮದ್ದು ಇತ್ತು, ಆದರೆ ಅದು ಹೆಪ್ಪು ಬೆಳೆಯದ ಹಾಗೆ ನೋಡಿಕೊಳ್ಳುತ್ತಿತ್ತು ಅಷ್ಟೆ. ಆಗಲೇ ಕಟ್ಟಿದ್ದ ಹೆಪ್ಪು ಇದ್ದಲ್ಲೇ ಇರುತ್ತಿತ್ತು. "ಕಳೆ ಸುತ್ತ ಬೇಲಿ ಹಾಕಿ ಕೂತಿದ್ದೀವಿ ನಾವು. ಕೀಳೋರು ಯಾರು?" ಎಂದು ಡಾಕ್ಟರಮ್ಮ ಕೇಳುತ್ತಿದ್ದರು.

ಕೀಳುವ ಔಷಧಿಯೊಂದು ಇದೆ ಎಂದು ಅವರು ವಿದೇಶದ ವೈದ್ಯ ಪತ್ರಿಕೆಗಳಲ್ಲಿ ಓದಿದ್ದರು. ಗಂಟಲು ನೋವು ತರುವ ಒಂದು ರೋಗಾಣುವಿನಿಂದ ತೆಗೆದ ಮದ್ದು. ಅದನ್ನು ರಕ್ತನಾಳಕ್ಕೆ ಕೊಟ್ಟರೆ ಹೆಪ್ಪು ಕರಗುತ್ತದೆ, ಆದರೆ ಮೊದಲ ಕೆಲವು ಗಂಟೆಗಳಲ್ಲೇ ಕೊಡಬೇಕು. ಈಗ ಇದು ಚಿಕ್ಕ ಆಸ್ಪತ್ರೆಗಳಲ್ಲೂ ಮಾಮೂಲಾಗಿದೆ. ಆಗ ಹೊರದೇಶದ ದೊಡ್ಡ ಆಸ್ಪತ್ರೆಗಳಲ್ಲೇ ಇದು ಸರಿಯೋ ತಪ್ಪೋ ಎಂದು ಜಗಳ ನಡೆಯುತ್ತಿತ್ತು. ನಮ್ಮ ವಿಭಾಗದ ದೊಡ್ಡ ಡಾಕ್ಟರಂತೂ ಮಾತೆತ್ತಿದರೆ ಕೈಯಾಡಿಸಿಬಿಡುತ್ತಿದ್ದರು.

ಆ ರೋಗಾಣುವಿನಿಂದಲೇ ಮಾಡಿದ ಒಂದು ಪುಡಿ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಇತ್ತು. ಗಾಯದ ಕೀವು, ಹೆಪ್ಪುಗಳನ್ನು ಸಡಿಲಿಸಲು ಹಚ್ಚುತ್ತಿದ್ದರು. ರಕ್ತನಾಳಕ್ಕೆ ಕೊಡುವಷ್ಟು ಶುದ್ಧವಲ್ಲ. ಒಂದು ದಿನ ಡಾಕ್ಟರಮ್ಮ ಅದರಲ್ಲಿ ಚೂರು ಬೇಡಿ ತಂದರು. ತಮ್ಮ ತೋಳಿನಿಂದಲೇ ರಕ್ತ ತೆಗೆಸಿ, ಗಾಜಿನ ಕೊಳವೆಯಲ್ಲಿ ಹೆಪ್ಪುಗಟ್ಟಲು ಬಿಟ್ಟು, ಅದಕ್ಕೆ ಪುಡಿ ಕಲಸಿದ ನೀರು ಹಾಕಿ, ಬಾಯಿಗೆ ಬಿರಡೆ ಒತ್ತಿ ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು, ಮೈಬಿಸಿ ತಾಕಲಿ ಎಂದು. ಹಾಗೇ ಮುಷ್ಟಿ ಬಿಡದೆ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಬೋರ್ಡಿನ ಮೇಲೆ ಎಡಗೈಯಲ್ಲಿ ಸೊಟ್ಟಸೊಟ್ಟ ಬರೆದರು. ಪಾಠ ಮುಗಿದ ಮೇಲೆ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಅವರ ಕಾಫಿ ಲೋಟದ ಪಕ್ಕ ಮುಷ್ಟಿ ಬಿಚ್ಚಿದರು. ಕೊಳವೆ ಓರೆ ಮಾಡಿದರೆ ಗಟ್ಟಿ ಕೂತಿದ್ದ ಹೆಪ್ಪು ನೀರಾಗಿ ಹರಿದಾಡುತ್ತಿತ್ತು.

ದೊಡ್ಡ ಡಾಕ್ಟರು ಕಾಫಿಯನ್ನು ಆಚೆ ಸರಿಸಿ, "ಗಾಜಿನ ಕೊಳವೆಗೆ ಹೆಂಡ್ತಿ ಮಕ್ಕಳಿರಲ್ಲಮ್ಮ" ಎಂದರು.

"ಗೊತ್ತು ಸಾರ್. ಹೆಂಡ್ತಿ ಮಕ್ಕಳಿರೋರು ಬೆಡ್ ಮೇಲೆ ಮಲಗಿದ್ದಾರೆ. ಅವರಿಗೋಸ್ಕರಾನೇ ಕೇಳ್ತಿರೋದು."

ಅವರು ಒಪ್ಪಿದ್ದು ಆವತ್ತಲ್ಲ. ತಿಂಗಳುಗಟ್ಟಲೆ ಕಾಡಿಸಿಕೊಂಡು, ಕೊನೆಗೆ ಬೇಸತ್ತು ಒಪ್ಪಿದರು. ಡಾಕ್ಟರಮ್ಮನ ಸಹಪಾಠಿಯೊಬ್ಬರು ಜರ್ಮನಿಯಲ್ಲಿದ್ದರು. ಅವರು ಊರಿಗೆ ಬರುವಾಗ ಐಸು ತುಂಬಿದ ಫ್ಲಾಸ್ಕಿನಲ್ಲಿ ಆ ಶುದ್ಧ ಔಷಧಿಯ ಸೀಸೆಗಳನ್ನು ತಂದರು. ಇದ್ದದ್ದು ಒಬ್ಬ ರೋಗಿಗೆ ಆಗುವಷ್ಟು. ದೊಡ್ಡ ಡಾಕ್ಟರು ಹಾಕಿದ ಷರತ್ತು ಸರಳವಾಗಿತ್ತು. ರೋಗಿ ನೋವು ಶುರುವಾದ ಮೂರು ನಾಲ್ಕು ಗಂಟೆಯೊಳಗೆ ಬಂದಿರಬೇಕು, ಮನೆಯವರು ಒಪ್ಪಬೇಕು, ಹೆಚ್ಚುಕಡಿಮೆಯಾದರೆ ಹೊಣೆ ಪೂರ್ತಿ ಡಾಕ್ಟರಮ್ಮನದು. ಸೀಸೆಗಳು ವಾರ್ಡಿನ ಫ್ರಿಜ್ಜಿನೊಳಗೆ ಕೂತವು, ಬೀಗದ ಕೈ ಡಾಕ್ಟರಮ್ಮನ ಸೊಂಟಕ್ಕೆ ಹೋಯಿತು.

ಆಮೇಲೆ ಶುರುವಾಯಿತು ಕಾಯುವಿಕೆ. ಹೃದಯಾಘಾತದವರು ಬರುತ್ತಲೇ ಇದ್ದರು. ಏನು ಮಾಡುತ್ತಿದ್ದಿರಿ ಎಂದು ಡಾಕ್ಟರಮ್ಮ ಕೇಳುತ್ತಲೇ ಇದ್ದರು. ನಿನ್ನೆ ಸಂಜೆ ಸಂತೆಯಿಂದ ಬರುತ್ತಿದ್ದೆ. ಮೊನ್ನೆ ಮೊಮ್ಮಗನ ನಾಮಕರಣದ ಊಟ ಬಡಿಸುತ್ತಿದ್ದೆ. ಪ್ರತಿ ಸಲವೂ ಸೊಂಟದ ಕೀಲಿಕೈ ಮುಟ್ಟಿಕೊಂಡು ಕೈ ಕೆಳಗಿಳಿಸುತ್ತಿದ್ದರು. ಸೀಸೆಯ ಮೇಲೆ ಕೆಡುವ ತಿಂಗಳು ಅಚ್ಚಾಗಿತ್ತು, ಆ ತಿಂಗಳು ಹತ್ತಿರ ಬರುತ್ತಿತ್ತು. ಇಡೀ ಬೆಂಗಳೂರಿನಲ್ಲಿ ಹೊತ್ತಿಗೆ ಸರಿಯಾಗಿ ಬರುವ ಒಬ್ಬನೇ ಒಬ್ಬ ರೋಗಿಯಿಲ್ಲವೇ ಎಂದು ಅವರು ಹಪಹಪಿಸುತ್ತಿದ್ದರು. ಆ ಒಬ್ಬ ನಮ್ಮಪ್ಪನಾಗುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅವತ್ತು ಮಂಗಳವಾರ, ನನಗೆ ರಜೆ. ಮಧ್ಯಾಹ್ನ ಮುದ್ದೆ ಉಂಡು ಅಪ್ಪ ಜಗುಲಿಯ ಮೇಲೆ ಕೂತು ಬಾಡಿಗೆದಾರನೊಬ್ಬನ ಜೊತೆ ನಲ್ಲಿ ನೀರಿನ ವಿಷಯಕ್ಕೆ ಜಗಳವಾಡುತ್ತಿದ್ದರು. ನಡುವೆ ಮಾತು ನಿಂತಿತು. ಅಪ್ಪ ಜಗಳದ ನಡುವೆ ಮಾತು ನಿಲ್ಲಿಸುವವರಲ್ಲ. ಹೊರಗೆ ಬಂದು ನೋಡಿದರೆ ಎದೆಗೆ ಅಂಗೈ ಒತ್ತಿಕೊಂಡು ಕೂತಿದ್ದಾರೆ, ಬನಿಯನ್ನು ಬೆವರಿನಲ್ಲಿ ತೊಯ್ದಿದೆ. "ಏನಿಲ್ಲ ಕಣ್ ಮಗಾ, ವಾಯು. ಒಂದು ಸೋಡಾ ತರ್ಸು" ಎಂದರು. ದಿನವೂ ಇಂಥ ಮುಖಗಳನ್ನೇ ನೋಡುತ್ತಿದ್ದವಳು ನಾನು. ಸೋಡಾ ತರಿಸಲಿಲ್ಲ. ಸೈಕಲ್ ಹತ್ತಿ ಜಯನಗರಕ್ಕೆ ತುಳಿದೆ. ಡಾಕ್ಟರಮ್ಮ ಊಟ ಮುಗಿಸಿ ಸಂಜೆಯ ರೌಂಡ್ಸಿಗೆ ಹೊರಡಲು ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು, "ಏನ್ ಮಾಡ್ತಿದ್ರು?"

"ಜಗಳ ಆಡ್ತಿದ್ರು ಮೇಡಂ. ಈಗ್ಲೇ. ಈಗ್ಲೇ ಶುರುವಾಗಿದ್ದು."

ಅವರ ಕೈ ಸೊಂಟದ ಕೀಲಿಕೈಗೆ ಹೋದದ್ದನ್ನು ನೋಡಿದೆ.

ಕಾರಿನಲ್ಲಿ ಯಡಿಯೂರಿಗೆ ಬಂದಾಗ ಅಪ್ಪನನ್ನು ಒಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಡಾಕ್ಟರಮ್ಮ ನಾಡಿ ನೋಡಿ, ಎದೆಗೆ ಕಿವಿಗೊಳವೆ ಇಟ್ಟು, "ಕುರ್ಚಿ ತನ್ನಿ, ಕೂರಿಸಿ ಎತ್ಕೊಂಡು ಹೋಗೋಣ. ನಡೆಸೋ ಹಾಗಿಲ್ಲ" ಎಂದರು. ನನ್ನ ತಮ್ಮ ಕುರ್ಚಿ ತಂದ. ಅಷ್ಟರಲ್ಲಿ ಅಜ್ಜಿ, ಅಂದರೆ ಅಪ್ಪನ ತಾಯಿ, ಹೊಸ್ತಿಲಿಗೆ ಅಡ್ಡ ನಿಂತರು.

"ಮೂರು ಒಡೀತು. ರಾವುಗಾಲ ಸುರುವಾಯ್ತು. ಅದು ಕಳೀಗಂಟ ನನ್ ಮಗನ್ನ ವಸ್ಲು ದಾಟ್ಸಾಕಿಲ್ಲ."

ಮಂಗಳವಾರ ರಾಹುಕಾಲ ಮೂರರಿಂದ ನಾಲ್ಕೂವರೆ. ರಾಹುಕಾಲದಲ್ಲಿ ನಮ್ಮ ಮನೆಯಿಂದ ಹಸು ಕೂಡ ಹೊರಡುತ್ತಿರಲಿಲ್ಲ. ನಮ್ಮ ತಾತ ರಾಹುಕಾಲದಲ್ಲಿ ಹೊರಟು ಗಾಡಿ ಮಗುಚಿ ಸತ್ತವರು. ಅಜ್ಜಿಗೆ ಅದು ಬರೀ ಪಂಚಾಂಗವಾಗಿರಲಿಲ್ಲ. ಡಾಕ್ಟರಮ್ಮ ಮೊದಲು ರಕ್ತ, ಹೆಪ್ಪು, ಔಷಧಿ ಎಂದು ವಿವರಿಸಿ ನೋಡಿದರು. ಅಜ್ಜಿ ಅಲ್ಲಾಡಲಿಲ್ಲ. ನಾನು ಅತ್ತು ಕೂಗಾಡಿದೆ. "ಓದಿದ್ದು ಜಾಸ್ತಿ ಆಯ್ತು ಇವಳ್ಗೆ" ಎಂದು ಅಜ್ಜಿ ನನ್ನ ಬಾಯಿ ಮುಚ್ಚಿಸಿದರು. ಒಳಗೆ ಅಪ್ಪ ಹಲ್ಲು ಕಚ್ಚಿ ನರಳುತ್ತಿದ್ದರು. ನನ್ನ ತಮ್ಮ ಅಜ್ಜಿಯನ್ನು ತಳ್ಳಿಕೊಂಡೇ ಹೋಗಲು ಮುಂದೆ ಬಂದ. ಡಾಕ್ಟರಮ್ಮ ಅವನ ತೋಳು ಹಿಡಿದು ನಿಲ್ಲಿಸಿದರು. ಆಮೇಲೆ ಅಜ್ಜಿಯ ಮುಂದೆ ಹೊಸ್ತಿಲ ಪಕ್ಕ ನೆಲದ ಮೇಲೆಯೇ ಕೂತರು.

"ಅಮ್ಮ, ಇವತ್ತು ಮಂಗಳವಾರ. ಬನಶಂಕರಮ್ಮನ ಗುಡಿಗೆ ಹೋಗಲ್ವಾ ನೀವು?"

"ಓಗ್ತೀನಿ. ನಿಂಬೆಹಣ್ಣು ತಂದಿಟ್ಟಿವ್ನಿ. ಇವನ್ಗೆ ಇಂಗಾಯ್ತಲ್ಲ."

"ಎಷ್ಟೊತ್ತಿಗೆ ಹೋಗ್ತೀರಿ?"

ಅಜ್ಜಿ ದೇವರ ಗೂಡಿನ ಕಡೆ ತಿರುಗಿ ನೋಡಿದರು. ಬನಶಂಕರಮ್ಮನಿಗೆ ನಿಂಬೆಹೋಳು ಮಗುಚಿ ದೀಪ ಹಚ್ಚುವುದೇ ರಾಹುಕಾಲದಲ್ಲಿ. ಊರಿಗೆಲ್ಲ ಕೆಟ್ಟ ಹೊತ್ತು ಯಾವುದೋ ಅದೇ ಆ ಅಮ್ಮನಿಗೆ ಪೂಜೆಯ ಹೊತ್ತು. ಸುತ್ತಲ ಹಳ್ಳಿಗಳ ಹೆಂಗಸರು ಆ ಹೊತ್ತಿಗೇ ಹೊರಟು ಹೋಗುತ್ತಾರೆ, ನಮ್ಮಜ್ಜಿಯೂ ವಾರವಾರ ಹೋಗುತ್ತಿದ್ದರು.

"ಅಮ್ಮನ ಕೆಲಸಕ್ಕೆ ಅಂತ ಹೊಸಲು ದಾಟಿದ್ರೆ ರಾಹು ಏನೂ ಮಾಡಲ್ಲ, ಅಲ್ವಾ?" ಎಂದರು ಡಾಕ್ಟರಮ್ಮ. "ನೀವು ದೀಪ ತಗೊಂಡು ಮುಂದೆ ನಡೀರಿ. ನಿಮ್ಮ ಹಿಂದೆ ಇವರು ಬರ್ಲಿ. ಇಬ್ರೂ ಅಮ್ಮನ ಹೆಸರಲ್ಲೇ ಹೊರಡಿ. ನೀವು ಗುಡಿಗೆ ಹೋಗಿ ದೀಪ ಹಚ್ಚಿ, ನಾನಿವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನಾನು ಸುಳ್ಳು ಹೇಳಿ ಗುಡಿ ಕಡೆ ಅಂತ ಕರ್ಕೊಂಡು ಹೋಗಲ್ಲ. ಕಾರು ಪೇಟೆ ಕಡೆಗೇ ಹೋಗೋದು."

ಅಜ್ಜಿ ಅವರ ಮುಖವನ್ನೇ ನೋಡಿದರು. ಆಮೇಲೆ ದೇವರ ಗೂಡಿನಿಂದ ನಿಂಬೆಹಣ್ಣಿನ ತಟ್ಟೆ ತಂದು, "ತಾಯಿ, ಬನಶಂಕ್ರಮ್ಮ" ಎಂದು ಬಲಗಾಲಿಟ್ಟು ಹೊಸ್ತಿಲು ದಾಟಿದರು. ಅವರ ಹಿಂದೆ ಕುರ್ಚಿಯಲ್ಲಿ ಅಪ್ಪ. ಬಾಗಿಲ ಮುಂದೆ ಅಜ್ಜಿ ಜಟಕಾ ಹತ್ತಿ ದಕ್ಷಿಣಕ್ಕೆ ಹೋದರು, ನಾವು ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಮಗನನ್ನು ಮತ್ತೆ ನೋಡುತ್ತೇನೋ ಇಲ್ಲವೋ ತಿಳಿಯದೆ ಬೆನ್ನು ತಿರುಗಿಸಿ ಕೂತು ಹೋದ ಆ ಮುದುಕಿಯ ಧೈರ್ಯ ದೊಡ್ಡದು.

ಆಸ್ಪತ್ರೆಯಲ್ಲಿ ಅಪ್ಪನ ಇಸಿಜಿ ತೆಗೆದವಳು ನಾನೇ. ಇಳಿಯಬೇಕಾದ ಕಡೆ ಗೆರೆ ಎದ್ದು ನಿಂತಿತ್ತು. ಬೇರೆಯವರ ಕಾಗದದಲ್ಲಿ ಅದನ್ನು ನೋಡಿ ಅಭ್ಯಾಸವಾಗಿತ್ತು, ಅಪ್ಪನ ಕಾಗದದಲ್ಲಿ ನೋಡಲಾಗಲಿಲ್ಲ. ಡಾಕ್ಟರಮ್ಮ ಫ್ರಿಜ್ಜಿನ ಬೀಗ ತೆಗೆದರು. ದೊಡ್ಡ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು, ಬೇಡವೆನ್ನಲಿಲ್ಲ. ಡಾಕ್ಟರಮ್ಮ ಅಪ್ಪನ ಹತ್ತಿರ ಬಗ್ಗಿ, ಇದು ಇಲ್ಲಿ ಯಾರಿಗೂ ಕೊಡದ ಔಷಧಿ, ಒಳ್ಳೆಯದೂ ಆಗಬಹುದು, ರಕ್ತ ಸೋರಿ ಕೆಟ್ಟದ್ದೂ ಆಗಬಹುದು ಎಂದು ಒಂದೊಂದಾಗಿ ಹೇಳಿದರು. ಅಪ್ಪ ಕಷ್ಟಪಟ್ಟು ಕಣ್ಣು ತೆರೆದರು. "ನೆಲಾನೇ ಕೊಟ್ಟಾಯ್ತು ಸರ್ಕಾರಕ್ಕೆ. ಇದೂ ಆಗೋಗ್ಲಿ, ಕೊಡಿ ಡಾಕ್ಟ್ರಮ್ಮ."

ಔಷಧಿ ತೊಟ್ಟು ತೊಟ್ಟಾಗಿ ಇಳಿಯತೊಡಗಿತು. ಸ್ವಲ್ಪ ಹೊತ್ತಿಗೆ ಚಳಿಜ್ವರ ಬಂದು ಅಪ್ಪ ಮಂಚ ಅಲ್ಲಾಡುವಂತೆ ನಡುಗಿದರು. ಅದು ಆ ಮದ್ದಿನ ಗುಣವೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು. ಆದರೂ ಅವರ ಹಣೆಯ ಮೇಲೆ ಬೆವರಿತ್ತು. ದೊಡ್ಡ ಡಾಕ್ಟರು, "ನಿಲ್ಲಿಸ್ತೀರಾ?" ಎಂದರು. "ಇಲ್ಲ ಸಾರ್" ಎಂದರು ಇವರು. ಅಪ್ಪನ ಮಣಿಕಟ್ಟಿನ ಮೇಲಿಟ್ಟ ಬೆರಳು ತೆಗೆಯದೆ ಆ ಇಡೀ ಹೊತ್ತು ಸ್ಟೂಲಿನ ಮೇಲೆ ಕೂತಿದ್ದರು. ನಾನು ಮತ್ತೆ ಮತ್ತೆ ಇಸಿಜಿ ತೆಗೆದೆ. ಜ್ವರ ಇಳಿಯುವ ಹೊತ್ತಿಗೆ ಅಪ್ಪನ ನೋವೂ ಇಳಿದಿತ್ತು, ಕಾಗದದ ಮೇಲೆ ಎದ್ದು ನಿಂತಿದ್ದ ಗೆರೆ ತನ್ನ ಜಾಗಕ್ಕೆ ಮರಳುತ್ತಿತ್ತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಅಪ್ಪ, ಹಾಳು ಗಡ್ಡ ಚುಚ್ಚುತ್ತದೆಂದು ವಾರ್ಡಿಗೆ ಬಂದ ಕ್ಷೌರದವನಿಗೆ ಗುಟ್ಟಾಗಿ ಕೆನ್ನೆ ಕೊಟ್ಟರು. ರಕ್ತ ಇನ್ನೂ ತೆಳ್ಳಗಿತ್ತು. ಕತ್ತಿ ತಾಕಿದ ಕಡೆಯೆಲ್ಲ ರಕ್ತ ಇಳಿದು ನಿಲ್ಲಲೇ ಇಲ್ಲ. ಡಾಕ್ಟರಮ್ಮ ಟವಲು ಒತ್ತಿ ಹಿಡಿದುಕೊಂಡು ಅಪ್ಪನಿಗೂ ಕ್ಷೌರದವನಿಗೂ ಸೇರಿಸಿ ಮಂಗಳಾರತಿ ಮಾಡಿದರು. ಬೈದು ಮುಗಿದ ಮೇಲೆ ನನ್ನ ಕಡೆ ತಿರುಗಿ, "ಔಷಧಿ ಅಸಲಿ ಅನ್ನೋದಂತೂ ಗೊತ್ತಾಯ್ತಲ್ಲೇ" ಎಂದು ನಕ್ಕರು.

ಅಪ್ಪ ಮನೆಗೆ ಬಂದರು. ಔಷಧಿಯಿಂದ ಬದುಕಿದರು ಎಂದು ನಾನು ಹೇಳಿಕೊಂಡು ತಿರುಗಿದೆ. ಡಾಕ್ಟರಮ್ಮ ಅದಕ್ಕೂ ಬೈದರು. "ನಿಮ್ಮಪ್ಪ ಅದಿಲ್ದೇನೂ ಬದುಕ್ತಿದ್ರೋ ಏನೋ. ಒಬ್ಬರನ್ನ ನೋಡಿ ಹೇಳಕ್ಕಾಗಲ್ಲ. ನೂರಾರು ಜನರಿಗೆ ಕೊಟ್ಟು ನೋಡ್ಬೇಕು." ಅಜ್ಜಿಯಂತೂ ಎಲ್ಲ ಅಮ್ಮನದೇ ಎಂದರು. "ಹೊತ್ತಿಗೆ ಸರಿಯಾಗಿ ಹೊರಟಿದ್ದಂತೂ ಅಮ್ಮನ ದೆಸೆಯಿಂದಲೇ" ಎಂದು ಡಾಕ್ಟರಮ್ಮ ಒಪ್ಪಿಕೊಂಡರು. ಹಾಗೆನ್ನುತ್ತಲೇ ಅವರ ಕಣ್ಣಲ್ಲಿ ಏನೋ ಹೊಳೆದಿತ್ತು.

ಮುಂದಿನ ಮಂಗಳವಾರ ಮೂರು ಗಂಟೆಗೆ ಅವರು ಬನಶಂಕರಮ್ಮನ ಗುಡಿಯ ಮುಂದಿದ್ದರು. ಜೊತೆಗೆ ನಾನು, ಅಜ್ಜಿ. ರಾಹುಕಾಲದಲ್ಲಿ ಮನೆ ಬಿಟ್ಟು ಹೊರಡುವ ಹೆಂಗಸರು ಎಲ್ಲ ಹಳ್ಳಿಗಳಿಂದಲೂ ಒಂದೇ ಕಡೆ ಸೇರುವುದು ಇಲ್ಲಿ, ಹೇಳಬೇಕಾದ ಮಾತನ್ನು ಇಲ್ಲೇ ಹೇಳಬೇಕು ಎಂದು ಅವರ ತೀರ್ಮಾನ. ಮೊದಲ ದಿನ ಫಜೀತಿಯಾಯಿತು. ಕೈಚೀಲ ಹಿಡಿದ ಲೇಡಿ ಡಾಕ್ಟರು ಹತ್ತಿರ ಬಂದದ್ದು ನೋಡಿ, ಕುಟುಂಬ ಯೋಜನೆಯವರೆಂದು ಹೆಂಗಸರು ಸೆರಗು ಹೊದ್ದು ಸರಿದರು. "ನಂಗಾಗ್ಲೇ ವಯಸ್ಸಾಯ್ತು ಬುಡವ್ವ, ಆಪ್ರೇಸನ್ ಏನೂ ಬ್ಯಾಡ" ಎಂದು ಒಬ್ಬಾಕೆ ಕೈಮುಗಿದಳು. ಡಾಕ್ಟರಮ್ಮ ಅಲ್ಲಿಯೂ ಪಕ್ಕೆಲುಬಿನ ಕೆಳಗೆ ಗೆರೆ ಎಳೆದು ತೋರಿಸಬೇಕಾಯಿತು.

ಆಮೇಲೆ ಅಜ್ಜಿ ಕೆಲಸ ಕೈಗೆತ್ತಿಕೊಂಡರು. ಅಜ್ಜಿಯ ಗಂಟಲು ಯಡಿಯೂರಿನಿಂದ ಕೂಗಿದರೆ ಕೆರೆಯಾಚೆ ಕೇಳುತ್ತಿತ್ತು. "ಗಂಡುಸ್ರಿಗೆ ಎದೆ ನೋವು ಬಂದು ಮೈ ಬೆವುತ್ರೆ ಸೋಡಾಗೀಡಾ ಅಂತ ಕೂರ್ಬ್ಯಾಡಿ. ಅಮ್ಮನ ಎಸ್ರು ಏಳಿ ವಸ್ಲು ದಾಟ್ಸಿ. ರಾವುಗಾಲ ಅಡ್ಡ ಬರಾಕಿಲ್ಲ. ನನ್ ಮಗನೇ ಸಾಕ್ಸಿ!" ಅಜ್ಜಿ ಹೇಳಿದ ಮೇಲೆ ಡಾಕ್ಟರಮ್ಮ ಲಕ್ಷಣಗಳನ್ನು ಹೇಳುತ್ತಿದ್ದರು, ಎಡಗೈಗೆ ಹರಿಯುವ ನೋವು, ತಣ್ಣನೆ ಬೆವರು. ಹೀಗೆ ವಾರವಾರ ನಡೆಯಿತು. ದೊಡ್ಡ ಡಾಕ್ಟರಿಗೆ ತಿಳಿದು, "ಏನಮ್ಮ, ಹರಿಕಥೆ ಶುರು ಮಾಡಿದೀರಂತೆ?" ಎಂದರು. "ಹೌದು ಸಾರ್, ನೀವೂ ಬನ್ನಿ, ತಾಳ ಹಾಕೋರು ಬೇಕು" ಎಂದರು ಇವರು.

ಜನ ನಿಧಾನವಾಗಿ ಬೇಗ ಬರಲು ಕಲಿಯುತ್ತಿದ್ದರು. ಔಷಧಿ ಮಾತ್ರ ಬರಲಿಲ್ಲ. ವಿದೇಶಿ ವಿನಿಮಯ ಇಲ್ಲವೆಂದು ಕಚೇರಿಯಿಂದ ಕಚೇರಿಗೆ ಅಟ್ಟಿದರು. ಡಾಕ್ಟರಮ್ಮ ಒಬ್ಬ ಅಧಿಕಾರಿಯ ಕೋಣೆಯ ಮುಂದೆ ಟಿಫನ್ ಡಬ್ಬಿ ಸಮೇತ ಹೋಗಿ ಕೂರುತ್ತಿದ್ದರು. ಸಹಪಾಠಿಗೆ ಮತ್ತೆ ತರಲಾಗಲಿಲ್ಲ. ಫ್ರಿಜ್ಜಿನ ಆ ಮೂಲೆ ಖಾಲಿಯೇ ಉಳಿಯಿತು.

ಹೀಗಿರುವಾಗ ಹೊಸಕೆರೆಹಳ್ಳಿಯಿಂದ ಒಬ್ಬಾಕೆ ಗಂಡನನ್ನು ಇಟ್ಟಿಗೆ ಲಾರಿಯಲ್ಲಿ ಕರೆತಂದಳು. ಕೀರೆ, ದಂಟು ಬೆಳೆದು ಪೇಟೆಗೆ ಹಾಕುತ್ತಿದ್ದ ಕುಟುಂಬ. ಗಂಡನಿಗೆ ಇನ್ನೂ ನಲವತ್ತಿರಲಿಕ್ಕಿಲ್ಲ. ಅವಳ ಸೀರೆಗೆಲ್ಲ ಇಟ್ಟಿಗೆಯ ಕೆಂಪು ಧೂಳು. ಡಾಕ್ಟರಮ್ಮ ಕೇಳುವ ಮೊದಲೇ ಅವಳು ಹೇಳಿದಳು, "ಸೊಪ್ಪು ಕಂತೆ ಕಟ್ತಾ ಕುಂತಿದ್ರು ಕಣವ್ವ, ಆವಾಗ್ ಬಂತು ನೋವು. ನೀವು ಗುಡಿ ತಾವ ಯೋಳಿದ್ರಲ್ಲ, ಸೋಡಾ ಕುಡಿಸ್ನಿಲ್ಲ, ರಾವುಗಾಲ ನೋಡ್ನಿಲ್ಲ. ರಸ್ತೇಲಿ ಲಾರಿ ಅಡ್ಡಗಟ್ಟಿ ಬಂದ್ಬುಟ್ಟೆ. ಬಿರ್ರನೆ ಬಂದ್ನಲ್ಲ ನಾನು?"

ಅಷ್ಟು ಬೇಗ ಬಂದವರು ಇನ್ನೊಬ್ಬರಿಲ್ಲ. ನಮ್ಮಪ್ಪನಿಗಿಂತ ಬೇಗ. ಡಾಕ್ಟರಮ್ಮನ ಕೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು, ಅಲ್ಲಿ ಕೀಲಿಕೈಯೂ ಇರಲಿಲ್ಲ. "ಹೌದಮ್ಮ, ಬೇಗ ಬಂದೆ. ಸರಿಯಾಗಿ ಮಾಡ್ದೆ" ಎಂದರು. ಇದ್ದದ್ದನ್ನೆಲ್ಲ ಮಾಡಿದರು. ನೋವು ತಗ್ಗಿಸಿದರು. ಅವನು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಮಾರನೆಯ ಮಧ್ಯಾಹ್ನ ತೀರಿಹೋದ.

ನಮ್ಮಪ್ಪನಿಗೆ ಸಿಕ್ಕಿದ್ದು ಅವನಿಗೆ ಸಿಗಲಿಲ್ಲ. ಅಪ್ಪ ಬದುಕಿದ್ದಕ್ಕೆ ನನಗೆ ಎಷ್ಟು ಸಂತೋಷವೋ ಆ ದಿನ ಅಷ್ಟೇ ಸಂಕಟವಾಯಿತು. ಮನೆಗೆ ಬರುವಾಗ ಕಾರಿನಲ್ಲಿ ನಾನು ಸಿಟ್ಟಿನಿಂದಲೇ ಹೇಳಿದೆ, "ಇನ್ನು ಗುಡಿಗೆ ಹೋಗೋದು ಬೇಡ ಮೇಡಂ. ಬೇಗ ಬನ್ನಿ ಬೇಗ ಬನ್ನಿ ಅಂತ ಕರೆದು, ಕೊಡೋಕೆ ಏನಿದೆ ನಮ್ಮ ಹತ್ರ?"

ಅವರು ಸೌತ್ ಎಂಡ್ ದಾಟುವವರೆಗೆ ಕಾರು ಓಡಿಸಿದರು. ಆಮೇಲೆ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಕೆನ್ನೆ ಒದ್ದೆಯಾಗಿತ್ತು, ದನಿ ಒದ್ದೆಯಾಗಿರಲಿಲ್ಲ.

"ಔಷಧಿ ಬರತ್ತೆ. ನಾನಿರ್ತೀನೋ ಇಲ್ವೋ, ಅದು ಬಂದೇ ಬರತ್ತೆ. ಬಂದ ದಿನ ಜನ ಮನೇಲಿ ಸೋಡಾ ಕುಡೀತಾ ಕೂತಿರಬಾರ್ದು. ಸೀಸೆ ಒಂದು ವಿಮಾನದಲ್ಲಿ ಬಂದುಬಿಡತ್ತೆ ಕಣೇ. ಬೇಗ ಹೊರಡೋ ಬುದ್ಧಿ ಹಾಗೆ ಬರಲ್ಲ. ಅದನ್ನ ಈಗ್ಲೇ ಕಲಿಸ್ಬೇಕು. ಮಂಗಳವಾರ ಬರ್ತೀಯಾ, ನಾನೊಬ್ಳೇ ಹೋಗ್ಲಾ?"

ನಾನು ಹೋದೆ. ಕೆಲವು ವಾರ ಕಳೆದಿರಬೇಕು. ಗುಡಿಯ ಮುಂದೆ ಹೆಂಗಸರು ನಿಂಬೆಹಣ್ಣು ಹಿಂಡಿ ಹೋಳು ಮಗುಚುತ್ತಿದ್ದರು. ಡಾಕ್ಟರಮ್ಮ "ಎದೆ ನೋವು ಬಂದ್ರೆ..." ಎಂದು ಶುರು ಮಾಡಿ, ತಟ್ಟನೆ ನಿಂತುಬಿಟ್ಟರು. ಗುಡಿಯ ಬೇಲಿಯ ಆಚೆ ಹೊಸಕೆರೆಹಳ್ಳಿಯ ಆ ಹೆಂಗಸು ನಿಂತಿದ್ದಳು. ಸಾವಾದ ಮನೆ, ಗುಡಿಯೊಳಗೆ ಬರುವ ಹಾಗಿರಲಿಲ್ಲ. ಎದೆ ನೋವಿನ ಮಾತನ್ನು ಇನ್ನು ಯಾವ ಬಾಯಲ್ಲಿ ಆಡುವುದು? ಅವಳು ಬೈಯಲು ಬಂದಿದ್ದಾಳೆಂದೇ ನಾನು ತಿಳಿದೆ.

ಅವಳು ಡಾಕ್ಟರಮ್ಮನನ್ನು ನೋಡಲಿಲ್ಲ. ದೀಪ ಹಿಡಿದು ಬರುತ್ತಿದ್ದ ಹೆಂಗಸರನ್ನು ಬೇಲಿಯಾಚೆಯಿಂದಲೇ ಕೂಗಿದಳು.

"ಈವಮ್ಮ ಯೋಳೋದ್ ಕೇಳ್ರವ್ವ. ನಾನು ಕೇಳ್ದೆ, ಬಿರ್ರನೆ ಕರ್ಕೊಂಡೋದೆ. ಉಳೀನಿಲ್ಲ, ನನ್ ಅಣೇಬರ. ಆದ್ರೆ ತಡ ಮಾಡಿ ಸಾಯ್ಸುದ್ಲು ಅಂತ ನನ್ನ ಯಾರೂ ಅನ್ನಂಗಿಲ್ಲ. ನಾನೂ ಅಂದ್ಕಳಂಗಿಲ್ಲ."

ಡಾಕ್ಟರಮ್ಮ ಬೇಲಿಯ ಹತ್ತಿರ ಹೋಗಿ ಅವಳ ಕೈ ಹಿಡಿದುಕೊಂಡರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ದೀಪದ ತಟ್ಟೆ ಹಿಡಿದು ಮುಂದೆ ಬಂದ ಹೆಂಗಸಿನ ಕಡೆ ತಿರುಗಿ ಕೇಳಿದರು, "ನಿಮ್ಮ ಮನೇಲಿ ಯಾರ್ಯಾರಿದ್ದಾರಮ್ಮ? ಅವರಿಗೆ ಎದೆ ನೋವು ಬಂದ್ರೆ..."